ಸಿಹಿನೀರಿನ ಗಾಳದವನು ಕಡಲಿಗೆ ಬಂದಾಗ: ದಡದಿಂದ ಮತ್ತು ದೋಣಿಯಿಂದ ಮೀನು ಹಿಡಿಯುವ ಬಗ್ಗೆ ಸಲಹೆ ಬೇಕು

ಹಿನ್ನೀರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರದ ಕಡೆಯವನು. ಶರಾವತಿಯ ಹಿನ್ನೀರಿನಲ್ಲಿಯೂ ಊರಿನ ಕೆರೆಗಳಲ್ಲಿಯೂ ಹಿಟ್ಟಿನ ಉಂಡೆ, ಎರೆಹುಳು ಕಟ್ಟಿ ಕಾಟ್ಲಾ, ರೋಹು ಹಿಡಿಯುತ್ತ ಬೆಳೆದವನು. ಈಗ ಕೆಲಸದ ನಿಮಿತ್ತ ಕುಂದಾಪುರಕ್ಕೆ ಬಂದು ನೆಲೆಸಿದ್ದೇನೆ. ನನ್ನಲ್ಲಿ 7 ಅಡಿಯ ಒಂದು ರಾಡ್, 3000 ಅಳತೆಯ ಒಂದು ರೀಲು ಮತ್ತು ಸಾಧಾರಣ ನೈಲಾನ್ ದಾರ ಇವೆ. ಇವುಗಳಿಂದ ಕಡಲಿನಲ್ಲಿ ಏನಾದರೂ ಸಾಧ್ಯವೇ, ಅಥವಾ ಅಂಗಡಿಯವರು ಹೇಳುವಂತೆ 14 ಅಡಿಯ ರಾಡನ್ನೇ ಕೊಳ್ಳಬೇಕೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಜಾಗದ ಪ್ರಶ್ನೆ. ಹಿನ್ನೀರಿನಲ್ಲಾದರೆ ಮುಳುಗಿದ ಮರ, ಹಳ್ಳ ಸೇರುವ ಬಾಯಿ, ನೆರಳು ಇಂಥವನ್ನು ನೋಡಿ ಮೀನು ಎಲ್ಲಿರಬಹುದೆಂದು ಅಂದಾಜು ಮಾಡುತ್ತಿದ್ದೆ. ಇಲ್ಲಿಯ ಮರಳ ದಡವು ಮೈಲುಗಟ್ಟಲೆ ಒಂದೇ ಬಗೆಯಾಗಿ ಕಾಣುತ್ತದೆ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ನಿಲ್ಲಬೇಕು ಎಂಬುದು ತಿಳಿಯುತ್ತಿಲ್ಲ. ಮುಂದೆ ದೋಣಿಯಲ್ಲಿ ಹೋಗುವ ಆಸೆಯೂ ಇದೆ. ಅನುಭವಿಗಳು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಮರವಂತೆ ದಡ

ನಮಸ್ಕಾರ. ರಾಡಿನ ಮಾತು ಆಮೇಲೆ. ದಡ ಉದ್ದಕ್ಕೂ ಒಂದೇ ಬಗೆ ಎಂದು ಬರೆದಿದ್ದೀರಲ್ಲ, ಅಲ್ಲಿಂದ ಆರಂಭಿಸುತ್ತೇನೆ. ಭರತ ತುಂಬಿ ನಿಂತಾಗ ನೋಡಿದರೆ ಯಾರ ಕಣ್ಣಿಗೂ ಅದು ಹಾಗೆಯೇ ಕಾಣುತ್ತದೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ಒಂದು ದಿನ, ಬೆಳಗಿನ ಜಾವ ನೀರು ಪೂರ್ತಿ ಇಳಿದಿರುವ ಹೊತ್ತಿಗೆ, ಗಾಳವನ್ನು ಮನೆಯಲ್ಲಿಯೇ ಬಿಟ್ಟು ದಡದುದ್ದಕ್ಕೂ ನಡೆದು ಬನ್ನಿ. ಅಲೆಗಳು ಒಡೆದು ಬೆಳ್ಳಗೆ ನೊರೆಯೇಳುವ ಕಡೆ ನೀರಿನಡಿಯಲ್ಲಿ ಮರಳ ದಿಬ್ಬವಿರುತ್ತದೆ. ಆ ದಿಬ್ಬಕ್ಕೂ ದಡಕ್ಕೂ ನಡುವೆ ಅಲೆ ಒಡೆಯದೆ ನೀರು ಕಪ್ಪಾಗಿ ಕಾಣುವ ಪಟ್ಟಿಯು ತಗ್ಗು. ದಿಬ್ಬವನ್ನು ಅಲ್ಲಲ್ಲಿ ಕತ್ತರಿಸಿಕೊಂಡು ನೀರು ಕಡಲಿಗೆ ಹಿಂದಿರುಗುವ ಕಂಡಿಗಳೂ ಇರುತ್ತವೆ. ಅಲೆಯ ಹೊಡೆತಕ್ಕೆ ಮರಳಿನಿಂದ ಎದ್ದ ಹುಳು, ಚಿಪ್ಪಿನ ಜೀವಿ, ಸಣ್ಣ ಸಿಗಡಿಗಳೆಲ್ಲ ತಗ್ಗಿಗೆ ಬಂದು ಸೇರುತ್ತವೆ. ಅವನ್ನು ಮೇಯಲು ಮೀನುಗಳು ನೀರು ಏರುತ್ತಿದ್ದಂತೆ ಕಂಡಿಯ ಮೂಲಕ ಒಳಗೆ ಬರುತ್ತವೆ. ದಡದಲ್ಲಿರುವ ಒಂದು ತೆಂಗಿನ ಮರವನ್ನೋ ದೀಪದ ಕಂಬವನ್ನೋ ಗುರುತಿಟ್ಟುಕೊಂಡು, ನೀರು ಅರ್ಧ ಏರಿದಾಗ ಅದೇ ಜಾಗಕ್ಕೆ ಹಿಂದಿರುಗಿ ಗಾಳ ಹಾಕಿ. ಪ್ರತಿ ಮಳೆಗಾಲವೂ ಮರಳನ್ನು ಹೊಸದಾಗಿ ಹರಡುವುದರಿಂದ, ಕಳೆದ ವರ್ಷದ ಗುರುತು ಈ ವರ್ಷಕ್ಕೆ ಬರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಈ ಕಂಡಿಗಳೇ ಈಜಲು ಇಳಿದವರನ್ನು ಎಳೆದೊಯ್ಯುವ ಸೆಳೆತದ ಜಾಗಗಳು. ಆದ್ದರಿಂದ ಗಾಳವನ್ನು ಅಲ್ಲಿಗೆ ಎಸೆಯಬೇಕೇ ಹೊರತು ಎಸೆತಕ್ಕೆ ದೂರ ಸಾಲದೆಂದು ಸೊಂಟದ ನೀರಿಗೆ ಇಳಿಯಬಾರದು. ನೀರು ಮೊಣಕಾಲು ದಾಟಿದರೆ ನಾನು ಹಿಂದಕ್ಕೆ ಬರುತ್ತೇನೆ.

ಹೊತ್ತಿನ ವಿಷಯಕ್ಕೆ ಬರೋಣ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಹೀಗಾಗಿ ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನಗಳಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಸುತ್ತ ಸಣ್ಣದು. ಮೊಬೈಲಿನಲ್ಲಿ ಭರತದ ಪಟ್ಟಿ ಸಿಗುತ್ತದೆ ನಿಜ, ಆದರೆ ಗೋಡೆಯ ಮೇಲಿನ ಪಂಚಾಂಗವೂ ಸಾಕಷ್ಟು ಹೇಳುತ್ತದೆ. ಸುಮಾರಾಗಿ ಹೇಳುವುದಾದರೆ, ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ಭರತದ ತುದಿ ನಡುಹಗಲಿಗೆ ಸಮೀಪವಿರುತ್ತದೆ. ಆದ್ದರಿಂದ ಸೂರ್ಯೋದಯದ ವೇಳೆಗೆ ನೀರು ತಳದಲ್ಲಿದ್ದು, ಬೆಳಗಿನ ಹೊತ್ತೆಲ್ಲ ಏರುತ್ತಿರುತ್ತದೆ. ದಡದ ಗಾಳಕ್ಕೆ ಇದಕ್ಕಿಂತ ಅನುಕೂಲವಾದ ಬೆಳಗು ಇಲ್ಲ. ಅಷ್ಟಮಿಯ ದಿನಗಳಲ್ಲಿ ಭರತ ಮುಂಜಾನೆ ಮತ್ತು ಸಂಜೆಯ ಕಡೆಗೆ ಸರಿಯುತ್ತದೆ, ಆದರೆ ನೀರಿನ ಓಟ ಮಂದವಾಗಿರುವುದರಿಂದ ಮೀನುಗಳೂ ಅಷ್ಟಾಗಿ ಓಡಾಡುವುದಿಲ್ಲ. ನೀರು ಹರಿಯುತ್ತಿರಬೇಕು ಎಂಬುದೇ ಮುಖ್ಯ. ತುಂಬಿ ನಿಂತ ಭರತದ ತುದಿಯಲ್ಲಿಯೂ ಪೂರ್ತಿ ಇಳಿದು ನಿಂತ ನೀರಿನಲ್ಲಿಯೂ ಕಚ್ಚುವುದು ಕಡಿಮೆ.

ಅಳಿವೆಯ ಲೆಕ್ಕ ಇದಕ್ಕೆ ವಿರುದ್ಧ. ನಿಮಗೆ ಸಮೀಪದ ಗಂಗೊಳ್ಳಿಯನ್ನೇ ತೆಗೆದುಕೊಳ್ಳಿ. ಐದು ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಅಲ್ಲಿ ಕಡಲು ಸೇರುತ್ತವೆ. ಇಳಿತದ ಹೊತ್ತಿಗೆ ಹೊಳೆಯ ನೀರು ಸಿಗಡಿಯನ್ನೂ ಮರಿಮೀನನ್ನೂ ಹೊತ್ತುಕೊಂಡು ಹೊರಗೆ ಬರುವಾಗ, ದೊಡ್ಡ ಮೀನುಗಳು ಓಟದ ನೀರಿಗೂ ನಿಂತ ನೀರಿಗೂ ನಡುವಿನ ಗೆರೆಯಲ್ಲಿ ಕಾದಿರುತ್ತವೆ. ಆ ಗೆರೆ ಬಣ್ಣದ ವ್ಯತ್ಯಾಸದಿಂದ ಬರಿಗಣ್ಣಿಗೆ ಕಾಣುತ್ತದೆ. ಇಳಿತದ ಮೊದಲ ಎರಡು ಗಂಟೆ ಅಲ್ಲಿ ಅತ್ಯುತ್ತಮ.

ನಿಮ್ಮ 7 ಅಡಿಯ ರಾಡಿಗೂ ಕೆಲಸವಿದೆ. ಕಾಣೆ ಮೀನು ತೀರಾ ದಡದ ಹತ್ತಿರ, ಕೆಲವೊಮ್ಮೆ ಮೊಣಕಾಲುದ್ದದ ನೀರಿನಲ್ಲಿಯೂ ಮೇಯುತ್ತದೆ. ಉದ್ದ ಕಾಲಿನ ಸಣ್ಣ ಗಾಳ, 20ರಿಂದ 30 ಗ್ರಾಂ ತೂಕದ ಜಾರುವ ಸೀಸ, ಸಿಪ್ಪೆ ಸುಲಿದ ತಾಜಾ ಸಿಗಡಿಯ ಚೂರು ಇವಿಷ್ಟು ಸಾಕು. ಎಸೆದು ಸುಮ್ಮನೆ ಕೂರಬೇಡಿ; ಸೀಸವು ಮರಳಿನ ಮೇಲೆ ಎಳೆದಾಡುವಂತೆ ನಿಧಾನವಾಗಿ ಸುತ್ತುತ್ತಾ, ನಡುನಡುವೆ ನಿಲ್ಲಿಸುತ್ತಾ ತನ್ನಿ. ಕಾಣೆಯ ಬಾಯಿ ಚಿಕ್ಕದಾಗಿರುವುದರಿಂದ ಸಿಗಡಿಯ ಚೂರು ಗಾಳದ ತುದಿಯನ್ನು ಮುಚ್ಚುವಷ್ಟು ದಪ್ಪವಿರಬಾರದು. ಹೊಸಬರಿಗೆ ಮೊದಲ ಋತುವಿನಲ್ಲಿ ಈ ಮೀನೇ ಗುರುವೆಂದು ನಾನು ಹೇಳುತ್ತೇನೆ, ಏಕೆಂದರೆ ಇದನ್ನು ಹಿಡಿಯಲು ಕಲಿತವನಿಗೆ ತಗ್ಗು–ದಿಬ್ಬ ತಾನಾಗಿಯೇ ತಿಳಿಯುತ್ತದೆ.

ಒಂದು ವಿನಂತಿ. ಬೆಳಗಿನ ದಡವು ಕೈರಂಪಣಿ ಎಳೆಯುವವರ ಕೆಲಸದ ಸ್ಥಳ. ಬಲೆ ಬಿಟ್ಟಿರುವುದು ಕಂಡರೆ ಅದರ ಎರಡು ಹಗ್ಗಗಳ ನಡುವೆ ಗಾಳ ಎಸೆಯದೆ, ದೂರ ಹೋಗಿ ನಿಲ್ಲಬೇಕು.

ಬಂದರು ಬೀದಿ

ಮೇಲಿನ ಉತ್ತರದಲ್ಲಿ ನೀರನ್ನು ಓದುವ ಬಗ್ಗೆ ಹೇಳಿದ್ದೆಲ್ಲ ಸರಿ. ನಾನು ಸಾಮಾನಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಸಿಹಿನೀರಿನಿಂದ ಬಂದವರು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ. 14 ಅಡಿಯ ರಾಡ್ ಬೇಡ. ಅದನ್ನು ಸರಿಯಾಗಿ ಬಗ್ಗಿಸಿ ಎಸೆಯಲು ತೋಳಿನ ಅಭ್ಯಾಸ ಬೇಕು. ಅಭ್ಯಾಸವಿಲ್ಲದವನ ಕೈಯಲ್ಲಿ ಅದು 10 ಅಡಿಯ ರಾಡಿಗಿಂತ ದೂರ ಎಸೆಯುವುದೂ ಇಲ್ಲ. ಇದಲ್ಲದೆ ನಮ್ಮ ಅನೇಕ ದಡಗಳು ಕಡಿದಾಗಿರುವುದರಿಂದ ಮೀನು ಬಹುಪಾಲು 30–40 ಮೀಟರಿನೊಳಗೇ ಇರುತ್ತದೆ. ಹೀಗಾಗಿ 9ರಿಂದ 10 ಅಡಿಯ, 30ರಿಂದ 80 ಗ್ರಾಂ ತೂಕ ಎಸೆಯಬಲ್ಲ ರಾಡ್, ಅದಕ್ಕೆ 4000 ಅಥವಾ 5000 ಅಳತೆಯ ರೀಲು ಕೊಂಡರೆ ದಡಕ್ಕೂ ಅಳಿವೆಯ ತಡೆಗೋಡೆಗೂ ಆಗುತ್ತದೆ. ದೋಣಿಗೆ ಮಾತ್ರ ಈ ಉದ್ದ ತೊಡಕು. ಅಲ್ಲಿ ನಿಮ್ಮ 7 ಅಡಿಯ ಅಳತೆಯೇ ಸರಿ, ಆದರೆ ರಾಡ್ ಗಟ್ಟಿಯಾಗಿರಬೇಕು.

ದಾರದ ವಿಷಯದಲ್ಲಿ ನಾನು ಬ್ರೇಡ್ (ಎಳೆಗಳನ್ನು ಹೆಣೆದು ಮಾಡಿದ ದಾರ) ಪಕ್ಷದವನು. 20 ಪೌಂಡಿನ ಬ್ರೇಡ್ ತೆಳ್ಳಗಿರುವುದರಿಂದ ಗಾಳಿಯನ್ನೂ ಅಲೆಯನ್ನೂ ಸೀಳಿಕೊಂಡು ಹೋಗುತ್ತದೆ, ಕಚ್ಚಿದ ಸುಳಿವು ಕೈಗೆ ಸ್ಪಷ್ಟವಾಗಿ ಮುಟ್ಟುತ್ತದೆ. ಆದರೆ ಬಂಡೆಗೂ ಕಪ್ಪೆಚಿಪ್ಪಿಗೂ ಉಜ್ಜಿದರೆ ಕ್ಷಣದಲ್ಲಿ ತುಂಡಾಗುತ್ತದೆ. ಅದಕ್ಕಾಗಿ ತುದಿಗೆ ನೈಲಾನಿನ ಅಥವಾ ಫ್ಲೋರೋಕಾರ್ಬನ್ನಿನ ಲೀಡರ್, ಅಂದರೆ ಗಾಳದ ಮುಂದಿನ ಗಟ್ಟಿ ದಾರದ ತುಂಡು, ಕಟ್ಟಲೇಬೇಕು. ಭಾರವಾದ ಸೀಸವನ್ನು ಬಲವಾಗಿ ಎಸೆಯುವವರಿಗೆ ಒಂದು ಹಳೆಯ ಲೆಕ್ಕವಿದೆ: ಸೀಸದ ಪ್ರತಿ 30 ಗ್ರಾಂ ತೂಕಕ್ಕೆ ಲೀಡರಿನಲ್ಲಿ 10 ಪೌಂಡ್ ಬಲ. ಅಂದರೆ 90 ಗ್ರಾಂ ಸೀಸಕ್ಕೆ 30 ಪೌಂಡಿಗೆ ಕಡಿಮೆಯಿಲ್ಲದ ಲೀಡರ್. ಉದ್ದವು ರಾಡಿನ ಎರಡರಷ್ಟಿದ್ದು, ಎಸೆಯುವಾಗ ರೀಲಿನ ಮೇಲೆ ನಾಲ್ಕೈದು ಸುತ್ತು ಉಳಿದಿರಬೇಕು. ಇಲ್ಲದಿದ್ದರೆ ಎಸೆತದ ಎಳೆತವೆಲ್ಲ ತೆಳ್ಳನೆಯ ದಾರದ ಮೇಲೆ ಬಿದ್ದು, ಸೀಸವು ಗುಂಡಿನಂತೆ ಹಾರಿಹೋಗಿ ಯಾರಿಗಾದರೂ ಬಡಿಯಬಹುದು. ಬ್ರೇಡಿಗೂ ಲೀಡರಿಗೂ ಎಫ್‌ಜಿ ಗಂಟು ಶ್ರೇಷ್ಠವೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಗಾಳಿಯಲ್ಲಿ, ಒದ್ದೆ ಕೈಯಲ್ಲಿ, ನಸುಗತ್ತಲಲ್ಲಿ ಅದನ್ನು ಕಟ್ಟುವುದು ಕಷ್ಟ. ಮನೆಯಲ್ಲಿ ಎಫ್‌ಜಿ ಕಟ್ಟಿಕೊಂಡು ಹೋಗಿ, ದಡದಲ್ಲಿ ತುಂಡಾದರೆ ಡಬಲ್ ಯೂನಿ ಗಂಟು ಹಾಕಿ ಮುಂದುವರಿಯಿರಿ. ಯಾವ ಗಂಟಾದರೂ ಬಿಗಿಯುವ ಮೊದಲು ಉಗುಳಿನಿಂದಲೋ ನೀರಿನಿಂದಲೋ ಒದ್ದೆ ಮಾಡಬೇಕು.

ರೀಲಿನ ಡ್ರ್ಯಾಗನ್ನು (ಮೀನು ಎಳೆದಾಗ ದಾರವನ್ನು ತಡೆತಡೆದು ಬಿಟ್ಟುಕೊಡುವ ಭಾಗ) ಅಂದಾಜಿನಿಂದ ಬಿಗಿಯಬೇಡಿ. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆದು, ದಾರದ ಬಲದ ನಾಲ್ಕನೇ ಒಂದು ಭಾಗದಷ್ಟಕ್ಕೆ ದಾರ ಬಿಟ್ಟುಕೊಡುವಂತೆ ಹೊಂದಿಸಿ. 20 ಪೌಂಡಿನ ದಾರಕ್ಕೆ ಅದು ಎರಡೂಕಾಲು ಕಿಲೋ ಆಸುಪಾಸು. ಕೆರೆಯ ಮೀನು ಓಡಿ ಸುಸ್ತಾಗುತ್ತದೆ. ಕಡಲಿನ ಟ್ರೆವಲಿ ಮೀನು ಮೊದಲ ಓಟದಲ್ಲಿಯೇ ದಾರ ಹರಿಯುವುದನ್ನೋ ಬಂಡೆ ಸೇರುವುದನ್ನೋ ಮಾಡಿ ಮುಗಿಸಿರುತ್ತದೆ.

ಉಪ್ಪಿನ ಬಗ್ಗೆ ಎರಡು ಮಾತು. ಮನೆಗೆ ಬಂದ ಕೂಡಲೇ ಡ್ರ್ಯಾಗನ್ನು ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಸುರಿದು ರೀಲನ್ನು ತೊಳೆಯಬೇಕು. ಬಿಗಿ ಮಾಡದಿದ್ದರೆ ನೀರು ಡ್ರ್ಯಾಗಿನ ಬಿಲ್ಲೆಗಳಿಗೆ ಇಳಿಯುತ್ತದೆ. ಪೈಪಿನಿಂದ ರಭಸವಾಗಿ ನೀರು ಬಿಟ್ಟರೆ ಹೊರಗಿನ ಉಪ್ಪನ್ನು ನಾವೇ ಒಳಗೆ ತಳ್ಳಿದಂತೆ. ಒಣಗಿದ ಮೇಲೆ ಡ್ರ್ಯಾಗನ್ನು ಸಡಿಲಿಸಿಡಿ. ದಡದಲ್ಲಿ ರೀಲನ್ನು ಮರಳಿನ ಮೇಲೆ ಎಂದೂ ಇಡಬಾರದು. ಮೂರಡಿ ಪಿವಿಸಿ ಪೈಪಿನ ಒಂದು ತುದಿಯನ್ನು ಓರೆಯಾಗಿ ಕತ್ತರಿಸಿ ಮರಳಿಗೆ ಚುಚ್ಚಿಕೊಂಡರೆ ರಾಡ್ ನಿಲ್ಲಿಸಲು ಅದೇ ಸಾಕು, ಅಂಗಡಿಯ ಸ್ಟ್ಯಾಂಡ್ ಬೇಕಿಲ್ಲ.

ಮಂಗಳೂರಿನ ಕಡೆ ಬಂದರೆ ಶಾಂಭವಿ ಮತ್ತು ನಂದಿನಿ ಕೂಡಿ ಕಡಲು ಸೇರುವ ಸಸಿಹಿತ್ಲು ನೋಡುವಂಥ ಜಾಗ. ಅಲ್ಲಿ ನವೆಂಬರಿನಿಂದ ಜನವರಿಯವರೆಗೆ ನೀರು ತಿಳಿಯಾದ ಮೇಲೆ ಲ್ಯೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಎಸೆಯುವುದೇ ಒಂದು ಸುಖ. ನನಗೆ ಸಿಗಡಿ ಕಟ್ಟಿ ಕಾಯುವುದರಲ್ಲಿ ಅಷ್ಟು ಆಸಕ್ತಿಯಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಬಂದರಿನ ನಿರ್ಬಂಧಿತ ಪ್ರದೇಶ, ಕಾರವಾರದ ನೌಕಾನೆಲೆಯ ಸರಹದ್ದು ಇಂಥ ಕಡೆ, ಬೇರೆಯವರು ನಿಂತಿರುವುದು ಕಂಡರೂ, ಗಾಳ ಹಿಡಿದು ಹೋಗಬೇಡಿ.

ಹಿನ್ನೀರು

ಇಬ್ಬರಿಗೂ ಅನಂತ ಧನ್ಯವಾದಗಳು. ನಾಳೆಯೇ ಇಳಿತ ನೋಡಿಕೊಂಡು ದಡಕ್ಕೆ ಹೋಗುತ್ತೇನೆ. ದೋಣಿಯ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳೆಲ್ಲ ಒಂದೇ ಎಂದು ಭಾವಿಸಬಹುದೇ? ದೋಣಿಯವರಲ್ಲಿ ಮೊದಲೇ ಏನನ್ನು ಕೇಳಿಕೊಳ್ಳಬೇಕು? ಅಂಜಲ್ ಮೀನು ಹಿಡಿಯಬೇಕೆಂಬ ಆಸೆ ನನ್ನದು, ಅದು ಹೊಸಬನಿಗೆ ಅತಿಯಾಸೆಯೋ ತಿಳಿಯದು.

ಶರಾವತಿ ಅಳಿವೆ

ಅತಿಯಾಸೆಯೇನೂ ಅಲ್ಲ. ದಡದ ಕಾಣೆಗಿಂತ ದೋಣಿಯ ಅಂಜಲ್ ಕೆಲವೊಮ್ಮೆ ಸುಲಭ, ಏಕೆಂದರೆ ಅಲ್ಲಿ ಅರ್ಧ ಕೆಲಸವನ್ನು ದೋಣಿ ನಡೆಸುವ ತಂಡೇಲರೇ ಮಾಡಿಕೊಡುತ್ತಾರೆ. ನಾನು ಹೊನ್ನಾವರದ ಕಡೆಯವನು, ಆದ್ದರಿಂದ ಇಲ್ಲಿಯದನ್ನೇ ಹೇಳುತ್ತೇನೆ. ನಮ್ಮಲ್ಲಿ ಅಂಜಲನ್ನು ಇಸ್ವಾಣ ಎನ್ನುವವರೇ ಹೆಚ್ಚು. ತಂಡೇಲರು ಹಾಗೆಂದರೆ ಗಲಿಬಿಲಿಯಾಗಬೇಡಿ.

ತಿಂಗಳುಗಳೆಲ್ಲ ಒಂದೇ ಅಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆ ಕಾಲದಲ್ಲಿ ನಿಮ್ಮಂಥ ಹವ್ಯಾಸಿಗಳನ್ನು ಕರೆದೊಯ್ಯುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆಗಸ್ಟ್ ಬಂದರೂ ಕಡಲು ಪೂರ್ತಿ ತಣಿದಿರುವುದಿಲ್ಲ. ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿದ ಮೇಲೆಯೇ ನಾಡದೋಣಿ ಇಳಿಸುವ ರೂಢಿ ಅನೇಕ ಊರುಗಳಲ್ಲಿ ಇನ್ನೂ ಉಳಿದಿದೆ, ಹವ್ಯಾಸಿಗಳು ಅದಕ್ಕೂ ಒಂದು ತಿಂಗಳು ಹೆಚ್ಚು ಕಾಯುವುದೇ ಲೇಸು. ಅಕ್ಟೋಬರಿನಿಂದ ಫೆಬ್ರವರಿಯವರೆಗಿನದು ಒಳ್ಳೆಯ ಕಾಲ. ಆಗ ಬೆಳಗಿನ ಹೊತ್ತು ನೆಲದ ಕಡೆಯಿಂದ ತೆಳುವಾದ ಗಾಳಿ ಬೀಸುವುದರಿಂದ ನೀರು ಸಮನಾಗಿರುತ್ತದೆ. ಹನ್ನೊಂದು ಹನ್ನೆರಡರ ಮೇಲೆ ಕಡಲಗಾಳಿ ಎದ್ದು ಸಣ್ಣ ಅಲೆಗಳು ಮೊನಚಾಗುತ್ತವೆ. ಆದ್ದರಿಂದ ಬೆಳಕು ಹರಿಯುವ ಮುನ್ನ ಹೊರಟು ಮಧ್ಯಾಹ್ನದೊಳಗೆ ಹಿಂದಿರುಗುವ ಹಾಗೆ ಮಾತಾಡಿಕೊಳ್ಳಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೇರೊಂದು ಬಗೆಯ ಅಪಾಯವಿದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಉದ್ದನೆಯ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದ ಬಿಸಿಲಿನ ದಿನವೂ ಏಕಾಏಕಿ ದಡಕ್ಕೆ ನುಗ್ಗುತ್ತವೆ. ಕೇರಳದವರು ಕಳ್ಳಕ್ಕಡಲ್ ಎನ್ನುವುದು ಇದನ್ನೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ಸೂಚನೆಯನ್ನೂ ದಿನದಿನದ ಅಲೆಯ ಎತ್ತರವನ್ನೂ ಜಿಲ್ಲಾವಾರು ಪ್ರಕಟಿಸುತ್ತದೆ. ಹಿಂದಿನ ಸಂಜೆ ಅದನ್ನು ನೋಡದೆ ನಾನು ಯಾರನ್ನೂ ದೋಣಿ ಹತ್ತಿಸುವುದಿಲ್ಲ. ಬಂಡೆಯ ಮೇಲೆ ನಿಂತು ಗಾಳ ಹಾಕುವವರಿಗೂ ಈ ಮಾತು ಅಷ್ಟೇ ಅನ್ವಯ.

ದೋಣಿಯವರಲ್ಲಿ ಕೇಳಬೇಕಾದ್ದು ಬಾಡಿಗೆಯೊಂದೇ ಅಲ್ಲ. ಎಲ್ಲರಿಗೂ ಅಳತೆಗೆ ಸರಿಹೊಂದುವ ಜೀವರಕ್ಷಕ ಜಾಕೆಟ್ ಇದೆಯೇ, ದೋಣಿಯ ನೋಂದಣಿ ಆಗಿದೆಯೇ, ಇಂಜಿನ್ ಕೈಕೊಟ್ಟರೆ ಎರಡನೆಯ ಇಂಜಿನ್ನೋ ಹುಟ್ಟೋ ಲಂಗರೋ ಇದೆಯೇ, ವಿ‌ಎಚ್‌ಎಫ್ ರೇಡಿಯೋ ಇದೆಯೇ ಎಂದು ವಿಚಾರಿಸಿ. ಕೇಳಿದ್ದಕ್ಕೆ ಬೇಸರಪಡುವ ದೋಣಿಯನ್ನು ಬಿಟ್ಟುಬಿಡಿ. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554. ದಡದಲ್ಲಿರುವ ಒಬ್ಬರಿಗೆ ಯಾವ ದೋಣಿ, ಯಾವ ದಿಕ್ಕು, ಎಷ್ಟು ಹೊತ್ತಿಗೆ ಹಿಂದಿರುಗುವಿರಿ ಎಂಬುದನ್ನು ಹೇಳಿಯೇ ಹೊರಡಬೇಕು.

ಇಡೀ ಪಯಣದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಹೊರಗಿನ ಕಡಲಿನಲ್ಲಲ್ಲ, ಅಳಿವೆಯ ಬಾಯಿಯಲ್ಲಿ. ಶರಾವತಿ, ಅಘನಾಶಿನಿ, ಗಂಗೊಳ್ಳಿ ಎಲ್ಲಿಯಾದರೂ ಸರಿ, ಹೊಳೆ ತಂದು ಸುರಿದ ಹೂಳಿನ ದಿಬ್ಬ ಅಲ್ಲಿ ಇರುತ್ತದೆ. ರಭಸದ ಇಳಿತದ ನೀರು ಹೊರಗೆ ಓಡುತ್ತಿರುವಾಗ ಒಳಗೆ ಬರುವ ಅಲೆ ಅದಕ್ಕೆ ಎದುರಾದರೆ, ಅಲೆ ಕಡಿದಾಗಿ ಎದ್ದು ದಿಬ್ಬದ ಮೇಲೆಯೇ ಒಡೆಯುತ್ತದೆ. ತಂಡೇಲರು ಹೊರಗೆ ದೋಣಿ ನಿಲ್ಲಿಸಿ ಅರ್ಧ ಗಂಟೆ ಕಾಯುತ್ತಿದ್ದರೆ ಅವಸರ ಮಾಡಬಾರದು. ಅಳಿವೆ ದಾಟುವಾಗ ಎಲ್ಲರೂ ಕೆಳಗೆ ಕುಳಿತಿರಬೇಕು, ರಾಡುಗಳನ್ನು ಕಟ್ಟಿರಬೇಕು, ಜಾಕೆಟ್ ತೊಟ್ಟಿರಬೇಕು. ವಾಂತಿಯ ಭಯವಿರುವವರು ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ತಲೆ ತಿರುಗಲು ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಇನ್ನು ಅಂಜಲ್. ಇದು ಮೇಲ್ಪದರದ ಬೇಟೆಗಾರ ಮೀನು. ಬೂತಾಯಿ, ಬಂಗುಡೆಗಳ ಹಿಂಡನ್ನು ಹಿಂಬಾಲಿಸುತ್ತದೆ. ಹಕ್ಕಿಗಳು ಒಂದೇ ಕಡೆ ನೀರಿಗೆ ಎರಗುತ್ತಿದ್ದರೆ ಅಲ್ಲಿಗೆ ಹೋಗಿ, ಆದರೆ ಹಿಂಡಿನ ನಡುವೆ ದೋಣಿ ನುಗ್ಗಿಸದೆ ಅದರ ಅಂಚನ್ನು ಸುತ್ತಬೇಕು. ನುಗ್ಗಿದರೆ ಹಿಂಡು ಆಳಕ್ಕಿಳಿದು ಎಲ್ಲರ ಆಟವೂ ಮುಗಿಯುತ್ತದೆ. ಲ್ಯೂರನ್ನು ದೋಣಿಯ ಹಿಂದೆ ಎಳೆಯುವುದಾದರೆ 5ರಿಂದ 7 ನಾಟ್ ವೇಗ ಸಾಕು. ಸತ್ತ ಬಂಗುಡೆಯನ್ನೇ ಕಟ್ಟಿ ಎಳೆಯುವುದಾದರೆ ಇನ್ನೂ ನಿಧಾನ. ಮಂಗಳೂರಿನ ಬಂದರು ಬೀದಿಯವರು ಹೇಳಿದ ನೈಲಾನ್ ಲೀಡರ್ ಇಲ್ಲಿ ನಡೆಯುವುದಿಲ್ಲ. ಅಂಜಲಿನ ಹಲ್ಲು ಅದನ್ನು ಕತ್ತರಿಸಿಬಿಡುತ್ತದೆ, ಆದ್ದರಿಂದ ಲ್ಯೂರಿನ ಮುಂದೆ ಒಂದಡಿ ತೆಳುವಾದ ಉಕ್ಕಿನ ತಂತಿ ಇರಬೇಕು. ತಂತಿ ಕಂಡರೆ ಮೀನು ಹೆದರುತ್ತದೆಂಬ ವಾದವಿದೆ. ತಿಳಿನೀರಿನಲ್ಲಿ ಅದು ಸ್ವಲ್ಪ ನಿಜವಿರಬಹುದು, ಆದರೆ ಗಾಳ ಕಚ್ಚಿಕೊಂಡೇ ತಪ್ಪಿಸಿಕೊಂಡ ಮೀನಿಗಿಂತ ಕಚ್ಚದ ಮೀನು ವಾಸಿ.

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯ ಹೆಸರು ಎಲ್ಲರ ಬಾಯಲ್ಲೂ ಇದೆ. ಹವಳವಿರುವ, ಮುಳುಗುಗಾರರು ನೀರಿಗಿಳಿಯುವ ಜಾಗವದು. ಅಲ್ಲಿ ಲಂಗರು ಹಾಕಿ ಗಾಳ ಬಿಡುವುದನ್ನು ನಾನು ಒಪ್ಪುವುದಿಲ್ಲ. ಹೊನ್ನಾವರದ ಬಳಿ ಅಪ್ಸರಕೊಂಡ–ಮುಗಳಿ ಸಾಗರ ಅಭಯಾರಣ್ಯವೂ ಇರುವುದರಿಂದ, ಗೊತ್ತಿಲ್ಲದ ನೀರಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯಲ್ಲಿಯೋ ಮೀನುಗಾರಿಕೆ ಇಲಾಖೆಯಲ್ಲಿಯೋ ವಿಚಾರಿಸಿಕೊಳ್ಳಬೇಕು. ಬೇರೆಡೆ ಮುಳುಗಿರುವ ಬಂಡೆಗಳು ಬೇಕಾದಷ್ಟಿವೆ. ಅಲ್ಲಿ 40ರಿಂದ 80 ಗ್ರಾಂ ತೂಕದ ಲೋಹದ ಜಿಗ್ (ಭಾರವಾದ ಲ್ಯೂರ್) ಅನ್ನು ತಳ ಮುಟ್ಟಿಸಿ ಎಳೆದೆಳೆದು ತಂದರೆ ಟ್ರೆವಲಿ, ಬೊಂಡಾಸ್ (ಸ್ಕ್ವಿಡ್) ಚೂರು ಕಟ್ಟಿ ಬಿಟ್ಟರೆ ಮುರು ಮತ್ತು ಕೆಂಬೇರಿ ಮೀನುಗಳು ಸಿಗುತ್ತವೆ. ಮುರು ಕಚ್ಚಿದ ಮೊದಲ ಎರಡು ಮೂರು ಮೀಟರ್ ಮಾತ್ರ ನಿಮ್ಮದು. ಅಷ್ಟರೊಳಗೆ ಬಂಡೆಯಿಂದ ಮೇಲೆತ್ತದಿದ್ದರೆ ಅದು ಸಂದಿಗೆ ಹೊಕ್ಕು ಕಿವಿರನ್ನು ಅಗಲಿಸಿ ಕುಳಿತುಬಿಡುತ್ತದೆ. ಆಗ ಎಳೆಯುವುದನ್ನು ಬಿಟ್ಟು ದಾರವನ್ನು ಪೂರ್ತಿ ಸಡಿಲಿಸಿ ಒಂದೆರಡು ನಿಮಿಷ ಕಾಯಿರಿ, ಅದಾಗಿಯೇ ಹೊರಬರುವುದುಂಟು.

ಆಳದಿಂದ ಬೇಗ ಮೇಲೆ ಬಂದ ಮುರು ಮೀನಿನ ಗಾಳಿಚೀಲ ಉಬ್ಬಿ ಹೊಟ್ಟೆ ಬಾಯಿಗೆ ಬಂದಿರುತ್ತದೆ. ಅದನ್ನು ಹಾಗೆಯೇ ನೀರಿಗೆ ಬಿಟ್ಟರೆ ಮುಳುಗಲಾರದೆ ತೇಲಿ ಸಾಯುತ್ತದೆ. ಬಿಡುವುದಾದರೆ ಭಾರ ಕಟ್ಟಿದ ಕೊಕ್ಕೆಯಿಂದ ಆಳಕ್ಕೆ ಇಳಿಸಿ ಬಿಡಬೇಕು. ಇಲ್ಲವಾದರೆ ಸಾಕಷ್ಟು ಮೀನು ಸಿಕ್ಕ ಮೇಲೆ ಆ ಬಂಡೆಯನ್ನೇ ಬಿಟ್ಟು ಹೊರಡಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ತಿಮಿಂಗಿಲ ಶಾರ್ಕ್, ಗರಗಸ ಮೀನು, ದೈತ್ಯ ಮುರು ಮತ್ತು ಎಲ್ಲ ಕಡಲಾಮೆಗಳಿಗೆ ರಕ್ಷಣೆಯಿದೆ. ಆಕಸ್ಮಿಕವಾಗಿ ಸಿಕ್ಕಿದರೆ ದೋಣಿಗೆ ಎತ್ತದೆ ನೀರಿನಲ್ಲಿರುವಾಗಲೇ ದಾರ ಕತ್ತರಿಸಿ ಬಿಡಬೇಕು.

ಮಂಜುಗಡ್ಡೆಯನ್ನು ದೋಣಿಯವರೇ ತರುತ್ತಾರೆಂದು ನಂಬಿ ಕೂರಬೇಡಿ. ಅಂಜಲ್, ಬಂಗುಡೆ, ಕೇದರದಂಥ ಮೀನುಗಳು ಬಿಸಿಲಿನಲ್ಲಿ ಉಳಿದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಬೆಳೆಯುತ್ತದೆ. ಒಮ್ಮೆ ಬೆಳೆದದ್ದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುತ್ತದೆ. ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಬಸಿದು, ಪುಡಿಮಾಡಿದ ಮಂಜಿಗೆ ಸ್ವಲ್ಪ ಕಡಲನೀರು ಸೇರಿಸಿದ ಪೆಟ್ಟಿಗೆಯಲ್ಲಿ ಮೀನನ್ನು ಹೂತಿಡಬೇಕು.

ಉಪ್ಪುಗಾಳಿ

ಎಲ್ಲರೂ ಚೆನ್ನಾಗಿ ಬರೆದಿದ್ದಾರೆ. ನಾನು ಮುಳ್ಳಿನ ವಿಷಯವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ಕೆರೆಯ ಮೀನನ್ನು ಬರಿಗೈಯಲ್ಲಿ ಹಿಡಿದು ರೂಢಿಯಾದವರು ಕಡಲಿನಲ್ಲಿಯೂ ಹಾಗೆಯೇ ಮಾಡುತ್ತಾರೆ. ತೇಡೆ ಮೀನಿನ ಬೆನ್ನಿನ ಮತ್ತು ಇಕ್ಕೆಲದ ಮುಳ್ಳುಗಳೂ ಚಪ್ಪಟೆ ಮೈಯ ತೊರಕೆ ಮೀನಿನ ಬಾಲದ ಮುಳ್ಳೂ ವಿಷಯುಕ್ತ. ಮರಳಿನಲ್ಲಿ ಹೂತುಕೊಂಡಿರುವ ತೊರಕೆಯನ್ನು ತುಳಿಯದಿರಲು, ನೀರಿನಲ್ಲಿ ಹೆಜ್ಜೆ ಎತ್ತಿ ಹಾಕದೆ ಕಾಲನ್ನು ಮರಳಿನ ಮೇಲೆ ಜಾರಿಸುತ್ತಾ ನಡೆಯಬೇಕು. ಸದ್ದು ತಿಳಿದು ಅದೇ ಸರಿದುಹೋಗುತ್ತದೆ. ಚುಚ್ಚಿದರೆ, ಸಹಿಸಲು ಸಾಧ್ಯವಿರುವಷ್ಟು ಬಿಸಿಯಾದ, ಅಂದರೆ ಸುಮಾರು 45 ಡಿಗ್ರಿಯ ನೀರಿನಲ್ಲಿ ಗಾಯವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ಆ ವಿಷವು ಬಿಸಿಗೆ ಕೆಡುವ ಪ್ರೋಟೀನ್ ಆದ್ದರಿಂದ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಬೇರೊಬ್ಬರು ಅಥವಾ ಗಾಯವಿಲ್ಲದ ಕೈಯಿಂದ ನೋಡಬೇಕು, ನೋವಿನಲ್ಲಿರುವ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ಮುಳ್ಳಿನ ಚೂರು ಒಳಗೆ ಉಳಿಯುವುದು ಸಾಮಾನ್ಯವಾದುದರಿಂದ ಆಸ್ಪತ್ರೆಗೆ ಹೋಗಲೇಬೇಕು, ಧನುರ್ವಾಯುವಿನ ಚುಚ್ಚುಮದ್ದೂ ಬೇಕಾಗಬಹುದು. ಎದೆಗೋ ಹೊಟ್ಟೆಗೋ ಮುಳ್ಳು ಹೊಕ್ಕಿದ್ದರೆ ಅದನ್ನು ಕೀಳದೆ ಹಾಗೆಯೇ ಕರೆದೊಯ್ಯಿರಿ.

ಮೂರು ಕೊಕ್ಕೆಯ ಲ್ಯೂರುಗಳಲ್ಲಿ ಕೊಕ್ಕೆಯ ತುದಿಯ ಹಿಮ್ಮುಳ್ಳುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ದಾರವನ್ನು ಸಡಿಲ ಬಿಡದಿದ್ದರೆ ಮೀನು ತಪ್ಪುವುದಿಲ್ಲ, ಕೈಗೆ ಚುಚ್ಚಿದರೆ ಹಿಂದಕ್ಕೆ ಬರುತ್ತದೆ. ಉಬ್ಬುವ ಬುಡ್ಡೆ ಮೀನು ಸಿಕ್ಕಿದರೆ ಅದನ್ನು ಅಡುಗೆಗೆ ತರಬೇಡಿ. ಅದರ ವಿಷಕ್ಕೆ ಮದ್ದಿಲ್ಲ. ಅಕ್ಟೋಬರಿನ ಮಧ್ಯಾಹ್ನದ ಗುಡುಗು ಕೇಳಿದೊಡನೆ ರಾಡನ್ನು ಕೆಳಗಿಟ್ಟು ದಡ ಬಿಡಬೇಕು. ಕಾರ್ಬನ್ ರಾಡ್ ವಿದ್ಯುತ್ತನ್ನು ಹರಿಸುತ್ತದೆ.

ಮರವಂತೆ ದಡ

ಮಂಗಳೂರಿನ ಗೆಳೆಯರು ಸಿಗಡಿ ಕಟ್ಟಿ ಕಾಯುವುದನ್ನು ತುಸು ಹಗುರವಾಗಿ ಕಂಡಿದ್ದಾರೆ. ಸೆಪ್ಟೆಂಬರಿನಲ್ಲಿ ಅಳಿವೆಯ ನೀರು ಇನ್ನೂ ಕೆಂಪಾಗಿರುವಾಗ ಅವರ ಲ್ಯೂರನ್ನು ಮೀನು ನೋಡುವುದಾದರೂ ಹೇಗೆ? ಆಗ ವಾಸನೆಯೇ ಕೆಲಸ ಮಾಡುತ್ತದೆ. ಜೀವಂತ ಸಿಗಡಿಯನ್ನು ಬಾಲದ ಕಡೆಯಿಂದ ಗಾಳಕ್ಕೆ ಸಿಕ್ಕಿಸಿ ಸೇತುವೆಯ ಕಂಬದ ಬಳಿ ಬಿಟ್ಟರೆ ಕೊಳಿಜಿ ಸಿಕ್ಕೀತು. ಒಂದು ಮಾತು: ಕೊಳಿಜಿ ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುವ ಮೀನು. ಹೀಗಾಗಿ ಸುಮಾರು ಮೀಟರು ಉದ್ದದ್ದೆಲ್ಲ ಹೆಚ್ಚುಕಡಿಮೆ ಹೆಣ್ಣೇ. ಫೋಟೋ ತೆಗೆದುಕೊಂಡು ಅಂಥದನ್ನು ಬಿಟ್ಟುಬಿಡುವುದೇ ನಮ್ಮ ಕಡೆಯ ಕೆಲವರ ರೂಢಿ. ಬಿಡುವಾಗ ಬಾಯಿಂದ ತೂಗುಹಾಕದೆ, ಹೊಟ್ಟೆಯ ಕೆಳಗೆ ಕೈಕೊಟ್ಟು, ಒದ್ದೆ ಕೈಯಲ್ಲಿಯೇ ಹಿಡಿಯಬೇಕು.

ಹಿನ್ನೀರು ಅವರೇ, ನಾಳೆ ಇಳಿತ ನೋಡಲು ಹೋಗುವಾಗ ತ್ರಾಸಿಯಿಂದ ಮರವಂತೆಯ ಕಡೆಗೆ ನಡೆಯಿರಿ. ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳ ಮೇಲೆ ಹಸಿರು ಪಾಚಿಯಿರುತ್ತದೆ, ಅದರ ಮೇಲೆ ಹತ್ತಬೇಡಿ. ತಗ್ಗು ಕಂಡ ಜಾಗವನ್ನು ಇಲ್ಲಿ ಬರೆಯಿರಿ, ಸೀಸ ಎಷ್ಟು ತೂಕದ್ದು ಬೇಕೆಂದು ಅದನ್ನು ನೋಡಿ ಹೇಳುತ್ತೇನೆ.

ಹಿನ್ನೀರು

ಹಾಗೆಯೇ ಮಾಡುತ್ತೇನೆ. 14 ಅಡಿಯ ರಾಡಿಗೆ ಅಂಗಡಿಯಲ್ಲಿ ಕೊಟ್ಟಿದ್ದ ಮುಂಗಡವನ್ನು 10 ಅಡಿಯದಕ್ಕೆ ಬದಲಾಯಿಸಿಕೊಳ್ಳಲು ಅವರು ಒಪ್ಪಿದ್ದಾರೆ. ಉಳಿದ ಹಣದಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ಮತ್ತು ಇಕ್ಕಳ ಕೊಳ್ಳುತ್ತೇನೆ.